ಆರನೇ ಕ್ಲಾಸ್ ಇತಿಹಾಸ: ಜಪಾನೀಸಲ್ಲೇ ಓದಿಸ್ಲಾ, ಇಂಗ್ಲಿಷಲ್ಲಿ ಹೇಳಿಕೊಡ್ಲಾ?

ನಿಶಿಕಸಾಯಿ ಅಮ್ಮ:
ಎಲ್ರಿಗೂ ನಮಸ್ಕಾರ. ಮಗ ಇಲ್ಲೇ ಟೋಕಿಯೋದ ಸರ್ಕಾರಿ ಸ್ಕೂಲಲ್ಲಿ ಆರನೇ ಕ್ಲಾಸು. ಮಾತಲ್ಲಿ ಜಪಾನಿ ಹುಡುಗರಿಗೇನೂ ಕಮ್ಮಿ ಇಲ್ಲ, ಆದ್ರೆ ಸಮಾಜ ಪಾಠದಲ್ಲಿ ಇತಿಹಾಸ ಶುರುವಾದಾಗಿಂದ ಪುಸ್ತಕ ತೆಗೆಯೋಕೇ ಒಲ್ಲೆ ಅಂತಾನೆ. ನಿನ್ನೆ ಹೇಆನ್ ಕಾಲದ (ಸುಮಾರು ಸಾವಿರ ವರ್ಷ ಹಿಂದಿಂದು) ಪುಟ ಗಟ್ಟಿಯಾಗಿ ಓದಿಸ್ದೆ, ಫುಜಿವಾರ ನೋ ಮಿಚಿನಾಗ ಅನ್ನೋ ಆಗಿನ ದೊಡ್ಡ ಅಧಿಕಾರಸ್ಥನ ಹೆಸರು ಬಂದ ಕಡೆ ನಿಂತೋನು ಮುಂದಕ್ಕೆ ಹೋಗ್ಲೇ ಇಲ್ಲ, ಕಣ್ಣಲ್ಲಿ ನೀರು. ನಂದು ಜಪಾನೀಸ್ ಪರೀಕ್ಷೇಲಿ ಎನ್‌3, ಅಂದ್ರೆ ಮಧ್ಯದ ಮಟ್ಟ ಅಷ್ಟೇ. ಏನು ಮಾಡ್ಲಿ?

ಯೊಕೊಹಾಮ ಅಕ್ಕ:
ಜಪಾನೀಸಲ್ಲೇ ಓದ್ಸಿ, ಆದ್ರೆ ಪಠ್ಯಪುಸ್ತಕ ಕೊನೇಲಿ. ಮೊದ್ಲು ಇತಿಹಾಸದ ಮಂಗಾ (ಚಿತ್ರಕಥೆ ಪುಸ್ತಕ), ಅದ್ರಲ್ಲಿ ಕಾಂಜಿ ಅಂದ್ರೆ ಚೀನೀ ಮೂಲದ ಅಕ್ಷರದ ಪಕ್ಕ ಫುರಿಗಾನ, ಅಂದ್ರೆ ಹೇಗೆ ಓದ್ಬೇಕು ಅನ್ನೋ ಸಣ್ಣ ಅಕ್ಷರ ಇರುತ್ತೆ, ಹೆಸರು ಓದೋ ಭಯ ಹೋಗುತ್ತೆ. ಆಮೇಲೆ ಎನ್‌ಎಚ್‌ಕೆ ಟಿವಿಯವರ ಮಕ್ಕಳ ಪಾಠದ ಸೈಟ್ ಎನ್‌ಎಚ್‌ಕೆ ಫಾರ್ ಸ್ಕೂಲ್‌ನಲ್ಲಿ ಅದೇ ಪಾಠದ ವಿಡಿಯೋ, ಚಿಕ್ಕದು, ಫ್ರೀ. ಕಥೆ ತಲೇಲಿ ಕೂತ್ಮೇಲೆ ಪುಸ್ತಕದ ಪುಟ ತಾನಾಗೇ ಓಡುತ್ತೆ. ನನ್ನ ಮಗಳಿಗೆ ಭಾಷೆ ಗಟ್ಟಿಯಾಗಿದ್ದೇ ಇತಿಹಾಸದಿಂದ. 1858ರ ಅಮೆರಿಕ ಒಪ್ಪಂದದ ಪಾಠದಲ್ಲಿ ಜೋಯಾಕು, 1889ರ ಸಂವಿಧಾನದಲ್ಲಿ ಕೆಂಪೋ, ಮಾರನೇ ವರ್ಷದ ಮೊದಲ ಚುನಾವಣೇಲಿ ಸೆಂಕ್ಯೊ, ಒಪ್ಪಂದ, ಸಂವಿಧಾನ, ಚುನಾವಣೆಗೆ ಇವೇ ಪದ ತಾನೇ ಏಳು ಗಂಟೆ ನ್ಯೂಸಲ್ಲಿ ಬರೋದು? ಆಟದ ಮೈದಾನದಲ್ಲಿ ಇವು ಸಿಗಲ್ಲ.

ಕಾವಾಸಾಕಿ ಅಂಕಲ್:
ಕಟುವಾಗಿ ಹೇಳ್ತೀನಿ ಬೇಜಾರಾಗ್ಬೇಡಿ. ನಮ್ಮ ಮಕ್ಕಳಿಗೆ ಪುಲಕೇಶಿ ಯಾರು ಅಂತ ಗೊತ್ತಿಲ್ಲ, ಶೋಗನ್‌ಗಳ (ಜಪಾನ್ ಆಳಿದ ಸೇನಾಧಿಪತಿಗಳ) ಪಟ್ಟಿ ಬಾಯಿಪಾಠ ಮಾಡಿಸ್ತಾ ಕೂತಿದೀವಿ. ನಾಳೆ ಬೆಂಗಳೂರಿಗೆ ವಾಪಸ್ ಹೋದ್ರೆ ಇದು ಯಾವ ಕೆಲಸಕ್ಕೆ ಬರುತ್ತೆ? ಇಂಡಿಯನ್ ಸ್ಕೂಲ್‌ಗೆ ಹಾಕಿ, ಮನೇಲಿ ಕನ್ನಡ ಕಲಿಸಿ, ಮುಗೀತು.

ಒಸಾಕಾ, ಹುಬ್ಬಳ್ಳಿ:
ಸರ್, ಹಂಗ ಅನಬ್ಯಾಡ್ರಿ. ನನ್ನ ಮಗನ್ನ ಇಂಗ್ಲಿಷ್ ಸ್ಕೂಲಿಗೇ ಹಾಕಿದ್ದೆ, ಊರಿಗೆ ಹೋಗೂದು ಅಂತ. ಹೋಗಲೇ ಇಲ್ಲ. ಈಗ ಇಲ್ಲೇ ನೌಕರಿ ಹುಡುಕಾಕತ್ತಾನ, ಮಾತು ಬರ್ತದ, ಒಂದು ಪತ್ರ ನೆಟ್ಟಗ ಓದಾಕ ಬರೂದಿಲ್ಲ. ರಾತ್ರಿ ನಿದ್ದಿ ಬರೂದಿಲ್ರಿ ನನಗ.

ಕಾವಾಸಾಕಿ ಅಂಕಲ್:
ಅದು ಬೇರೆ ವಿಷಯ. ಬೇರು ಕಡಿದುಕೊಂಡ ಮೇಲೆ ಜಪಾನೀಸಲ್ಲಿ ಎಲ್ಲಕ್ಕಿಂತ ಮೇಲಿನ ಎನ್‌1 ಇದ್ದು ಏನು ಪ್ರಯೋಜನ?

ಚಿಬಾ, ಮೈಸೂರು:
ಎರಡೂ ಆಗುತ್ತೆ ಸರ್. ನಮ್ಮ ಹಾಲ್ ಗೋಡೆ ಮೇಲೆ ಉದ್ದಕ್ಕೆ ಪೇಪರ್ ಅಂಟಿಸಿದೀವಿ, ಮೇಲ್ಗಡೆ ಜಪಾನು, ಕೆಳಗಡೆ ಕರ್ನಾಟಕ. ರಾಜಕುಮಾರ ಶೋತೊಕು ತೈಶಿ ಕೆಳಗೆ ಇಮ್ಮಡಿ ಪುಲಕೇಶಿ, ಜಪಾನಿನ 1560ರ ಒಕೆಹಜಾಮ ಯುದ್ಧದ ಹತ್ರಾನೇ 1565ರ ತಾಳೀಕೋಟೆ, 1603ಕ್ಕೆ ತೊಕುಗಾವ ಶೋಗನ್ ಆದ್ರೆ 1610ಕ್ಕೆ ರಾಜ ಒಡೆಯರ್ ಶ್ರೀರಂಗಪಟ್ಟಣ ತಗೊಂಡ್ರು. ಮೇಲಿನ ಸಾಲು ಮಗಳೇ ಜಪಾನೀಸಲ್ಲಿ ಬರೀತಾಳೆ, ಕೆಳಗಿಂದು ಅಜ್ಜಿಗೆ ಫೋನಲ್ಲಿ ಕೇಳಿ ಕನ್ನಡದಲ್ಲಿ. ನಾರಾದ ದೊಡ್ಡ ಬುದ್ಧನ ಕಣ್ಣು ತೆರೆಸೋ ಪೂಜೆ 752ರಲ್ಲಿ ಮಾಡಿದ್ದು ಭಾರತದಿಂದ ಬಂದ ಬೋಧಿಸೇನ ಅಂತ ಅವಳೇ ಕ್ಲಾಸಲ್ಲಿ ಎದ್ದು ನಿಂತು ಹೇಳಿದಾಳೆ, ಅವತ್ತು ನಂಗಾದ ಖುಷಿ ಅಷ್ಟಿಷ್ಟಲ್ಲ.

ಕಾವಾಸಾಕಿ ಅಂಕಲ್:
ಗೋಡೆ ಚೆನ್ನಾಗಿದೆ ಮೇಡಂ. ಆದ್ರೆ ಹೈಸ್ಕೂಲ್ ಎಂಟ್ರೆನ್ಸ್ ಟೈಮಲ್ಲಿ ಕನ್ನಡದ ಸಾಲು ಬರೆಯೋಕೆ ಯಾವ ಮಗುಗೆ ಪುರುಸೊತ್ತು ಇರುತ್ತೆ ಹೇಳಿ. ಊರಿಗೆ ಹೋಗೋದಾ ಇರೋದಾ ಅಂತ ಮೊದ್ಲು ತೀರ್ಮಾನ ಮಾಡಿ.

ಸೈತಾಮ:
ಅಂಕಲ್ ಹೇಳಿದ್ದು ನೂರಕ್ಕೆ ನೂರು ಸರಿ. ನಾವು ಮುಂದಿನ ಮಾರ್ಚ್‌ಗೆ ಹೊರಟ್ವಿ.

ನಿಶಿಕಸಾಯಿ ಅಮ್ಮ:
ನಾವು ಮನೆ ತಗೊಂಡಾಗಿದೆ, ಇಲ್ಲೇ ಇರ್ತೀವಿ. ಅಕ್ಕ, ಮಂಗಾ ಒಂದನೇ ಭಾಗದಿಂದಾನೇ ಶುರು ಮಾಡ್ಬೇಕಾ? ಪೂರ್ತಿ ಸೆಟ್ ದುಬಾರಿ ಅಲ್ವಾ?

ಯೊಕೊಹಾಮ ಅಕ್ಕ:
ಕೊಳ್ಳಬೇಡಿ. ವಾರ್ಡ್ ಲೈಬ್ರರಿ ಮಕ್ಕಳ ವಿಭಾಗದಲ್ಲಿ ಇರುತ್ತೆ, ಜೈರ್ಯೂ ಕಾರ್ಡ್ (ವಿದೇಶಿಯರ ವಾಸದ ಗುರುತಿನ ಚೀಟಿ) ತೋರಿಸಿ ಮೆಂಬರ್ ಆಗಿ. ಕ್ಲಾಸಲ್ಲಿ ನಡೀತಿರೋ ಹೇಆನ್ ಭಾಗಾನೇ ಮೊದ್ಲು ತನ್ನಿ, ಮಿಚಿನಾಗ ಕಥೆ ಅದ್ರಲ್ಲೇ ಬರುತ್ತೆ.