ಎರಡು ಹಸು, ಒಂಬತ್ತು ಮನೆ: ಹಸಿ ಹಾಲಿನ ಲೆಕ್ಕ ಹೇಗೆ?

ಕೇಳಿದವರು, ಪುಣೆ ಹತ್ತಿರದ ಪೌಡ್‌ನಿಂದ:

ನಮಸ್ಕಾರ. ನಾವು ಧಾರವಾಡ ಕಡೆಯವರು, ಪುಣೆಗೆ ಬಂದು ಹದಿನೆಂಟು ವರ್ಷವಾಯಿತು. ಹೋದ ವರ್ಷ ಪೌಡ್ ಹತ್ತಿರ ಒಂದೆಕರೆ ಜಾಗದಲ್ಲಿ ಮನೆ ಕಟ್ಟಿಸಿ ಎರಡು ಹಸು ತಂದಿದ್ದೇವೆ. ಒಂದು ಗಿರ್ (ಗುಜರಾತಿನ ನಾಟಿ ತಳಿ), ಇನ್ನೊಂದು ಎಚ್‌ಎಫ್ ಕ್ರಾಸ್ (ವಿದೇಶಿ ಹೋಲ್‌ಸ್ಟೀನ್ ಫ್ರೀಶಿಯನ್ ಮಿಶ್ರತಳಿ). ಕ್ರಾಸ್ ಹಸು ಕರು ಹಾಕಿ ಏಳು ವಾರ, ದಿನಕ್ಕೆ 14 ಲೀಟರ್ ಕೊಡುತ್ತಿದೆ. ಗಿರ್ 6. ಪುಣೆಯ ಕೋಥ್ರೂಡ್‌ನ ಒಂಬತ್ತು ಮನೆಯವರು ಸದಸ್ಯರಾಗಿ ಸೇರಿ, ತಿಂಗಳ ದುಡ್ಡು ಮುಂಚೆಯೇ ಕೊಟ್ಟು, ದಿನಾ ತಲಾ 2 ಲೀಟರ್ ಹಸಿ ಹಾಲು ತಗೊಳ್ಳುತ್ತೇವೆ ಅನ್ನುತ್ತಿದ್ದಾರೆ. ಇಬ್ಬರು ಕಾಯಿಸದೆ ಹಾಗೇ ಕುಡಿಯುತ್ತಾರಂತೆ. ಒಪ್ಪಿಕೊಳ್ಳಲಾ? ಮಾಡಿ ನೋಡಿದವರು ಹೇಳಿ.

ಮುಳಶಿ ರಸ್ತೆಯಿಂದ:

ಅಕ್ಕಾ, ಮೊದಲು ಆ 14 ಲೀಟರ್ ಮರೆತುಬಿಡಿ. ಕರು ಹಾಕಿದ ಆರರಿಂದ ಎಂಟು ವಾರಕ್ಕೆ ಹಸು ಕೊಡುವುದೇ ಅದರ ಜಾಸ್ತಿ ಹಾಲು. ಅಲ್ಲಿಂದ ಇಳಿಯುತ್ತಲೇ ಹೋಗುತ್ತದೆ. ನಾನೂ ಆರು ವರ್ಷದ ಹಿಂದೆ ಎರಡನೇ ತಿಂಗಳ ಹಾಲು ನೋಡಿ ಹನ್ನೊಂದು ಮನೆ ಒಪ್ಪಿಕೊಂಡಿದ್ದೆ. ದೀಪಾವಳಿ ಹೊತ್ತಿಗೆ ಅರ್ಧಕ್ಕೆ ಬಂತು. ಹಬ್ಬದಲ್ಲಿ ಹಾಲಿಲ್ಲ ಅಂದರೆ ಯಾರು ಕೇಳುತ್ತಾರೆ? ಪಕ್ಕದ ಗೋಠಾದಿಂದ (ದನದ ಕೊಟ್ಟಿಗೆಯಿಂದ) ತಂದು ಬೆರೆಸಿ ಕೊಟ್ಟೆ. ಮೂರನೇ ದಿನಕ್ಕೆ ಒಬ್ಬ ಅಜ್ಜಿ ಹಿಡಿದುಬಿಟ್ಟರು, "ಇದು ನಿಮ್ಮ ಹಸುವಿನ ಕೆನೆ ಅಲ್ಲ" ಅಂತ. ಮುಖ ಎಲ್ಲಿಡಲಿ ಹೇಳಿ. ಆ ಮನೆ ಮತ್ತೆ ಬರಲಿಲ್ಲ.

ಇನ್ನೊಂದು, ಮುಂದಿನ ಕರುವಿಗೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸಲೇಬೇಕು. ದುಡ್ಡು ಮುಂಚೆ ತಗೊಂಡವರು ಆಗ ಆಸೆಗೆ ಬಿದ್ದು ಹಿಂಡುತ್ತಲೇ ಇರುತ್ತಾರೆ. ಆಮೇಲೆ ಹಸುವೂ ಸೋಲುತ್ತದೆ, ಕರುವೂ ಸೋಲುತ್ತದೆ. ನಿಮ್ಮ ಎರಡು ಹಸು ಒಂದೇ ಹೊತ್ತಿಗೆ ಬತ್ತದ ಹಾಗೆ ಬೆದೆ ನೋಡಿ ಕಟ್ಟಿಸಿ. ಆರು ತಿಂಗಳು ಹಿಂದೆಮುಂದೆ ಆದರೆ ಚೆಂದ. ಒಂಬತ್ತು ಮನೆಗೂ ಒಪ್ಪಿಕೊಳ್ಳಿ, ಆದರೆ ಮನೆಗೆ 1 ಲೀಟರ್ ಮಾತ್ರ. ಮಿಕ್ಕಿದ್ದು ತುಪ್ಪಕ್ಕೆ. 1 ಕೆಜಿ ತುಪ್ಪಕ್ಕೆ ಸುಮಾರು 25ರಿಂದ 30 ಲೀಟರ್ ಹಾಲು ಬೇಕು, ಅದನ್ನೂ ಲೆಕ್ಕದಲ್ಲಿಡಿ.

ನಾನು ಈಗ ಲೀಟರ್ ಲೆಕ್ಕದಲ್ಲಿ ದುಡ್ಡು ತಗೊಳ್ಳುವುದೇ ಇಲ್ಲ. ಪಾಲು ಅಂತ ಮಾಡಿದ್ದೇನೆ. ಕಡಬಾ (ನಮ್ಮ ಜೋಳದ ಕಣಿಕೆ), ಹತ್ತಿಕಾಳು ಹಿಂಡಿ, ಡಾಕ್ಟರ್ ಖರ್ಚು, ಆಳಿನ ಸಂಬಳ ಎಲ್ಲ ಕೂಡಿಸಿ ಪಾಲಿಗೆ ಇಷ್ಟು. ಬಂದ ಹಾಲಿನಲ್ಲಿ ಮೊದಲು ಕರುವಿನದು, ಆಮೇಲೆ ಎಲ್ಲರಿಗೂ ಸಮ. ದನದ ಮನೆಯ ಗೋಡೆಗೆ ಕ್ಯಾಲೆಂಡರ್ ತೂಗು ಹಾಕಿದ್ದೇನೆ. ಪ್ರತಿ ಚೌಕದಲ್ಲಿ ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು ಅಂತ ಪೆನ್ಸಿಲ್‌ನಲ್ಲಿ ಬರೆದು, ಭಾನುವಾರ ಫೋಟೋ ಹಾಕುತ್ತೇನೆ. ಇದು ಶುರುವಾದ ಮೇಲೆ "ಈ ವಾರ ಯಾಕೆ ಕಡಿಮೆ" ಅನ್ನುವ ಫೋನ್ ನಿಂತಿತು. ಹಸು ಸತ್ತರೆ ಯಾರ ನಷ್ಟ ಅನ್ನುವುದನ್ನೂ ಮೊದಲೇ ಮಾತಾಡಿ. ವಿಮೆ ಮಾಡಿಸಿ. ಹಸುವಿನ ಕಿವಿಯ ಓಲೆ (ವಿಮೆಯ ನಂಬರ್ ಬಿಲ್ಲೆ) ಬಿದ್ದುಹೋದರೆ ಆ ದಿನವೇ ತಿಳಿಸಿ ಹೊಸದು ಹಾಕಿಸಿ. ಓಲೆ ಇಲ್ಲದಿದ್ದರೆ ಕ್ಲೇಮ್ ಇಲ್ಲ.

ಇನ್ನು ಸಾಗಿಸುವುದು. ನನ್ನ ಮೊದಲ ಮೇ ತಿಂಗಳು, ಪುಣೆಯ ಚಾಂದನಿ ಚೌಕದಲ್ಲಿ ಒಂದೂವರೆ ಗಂಟೆ ಗಾಡಿ ನಿಂತಿತು. ಹಾಲು ಬಿಸಿ ಇದ್ದಾಗಲೇ ಕ್ಯಾನಿಗೆ ಹಾಕಿ ಮುಚ್ಚಳ ಬಿಗಿದಿದ್ದೆ. ಸಂಜೆ ಆರು ಮನೆಯಿಂದ ಒಡೆದ ಹಾಲಿನ ಫೋಟೋ ಬಂತು. ಒಂದು ಮನೆಯವರು ಸುಮ್ನೆ ಪನೀರ್ ಮಾಡಿಕೊಂಡರಂತೆ, ಒಳ್ಳೆಯ ಮನಸ್ಸು. ಈಗ ಹಿಂಡಿದ ಕೂಡಲೇ ಬಟ್ಟೆಯಲ್ಲಿ ಸೋಸಿ, ಸ್ಟೀಲ್ ಕ್ಯಾನನ್ನು ಐಸ್ ನೀರಿನ ಟಬ್‌ನಲ್ಲಿ ಇಟ್ಟು ಸೌಟಿನಿಂದ ತಿರುವುತ್ತೇನೆ. ತಿರುವದಿದ್ದರೆ ನಡುವಿನ ಹಾಲು ತಣ್ಣಗಾಗುವುದೇ ಇಲ್ಲ. 4 ಡಿಗ್ರಿಗೆ ಇಳಿಯಬೇಕು, ಎಷ್ಟು ಬೇಗ ಇಳಿದರೆ ಅಷ್ಟು ಒಳ್ಳೆಯದು. ಸಂಜೆಯ ತಣ್ಣನೆ ಹಾಲಿಗೆ ಬೆಳಗಿನ ಬಿಸಿ ಹಾಲು ಸುರಿಯಬೇಡಿ, ಎರಡೂ ಕೆಡುತ್ತವೆ.

ಕ್ಯಾನಿಗೆ ಮೊದಲೇ ಕುದಿ ನೀರು ಹಾಕಬೇಡಿ, ಹಾಲಿನಂಶ ಬೆಂದು ಅಂಟಿಕೊಳ್ಳುತ್ತದೆ. ಮೊದಲು ತಣ್ಣೀರು, ಆಮೇಲೆ ವಾಷಿಂಗ್ ಸೋಡಾ ಹಾಕಿದ ಬಿಸಿ ನೀರು, ಕೊನೆಗೆ ಬಿಸಿಲಿನಲ್ಲಿ ಬೋರಲು.

ಫೋಂಡಾದಿಂದ:

ನಾನು ಪಶುವೈದ್ಯೆ, ಕಾರವಾರದವಳು, ಈಗ ನಿವೃತ್ತಿಯಾಗಿ ಗೋವಾದಲ್ಲಿ ಇದ್ದೇನೆ. ಮೇಲಿನವರು ಲೆಕ್ಕ ಸರಿಯಾಗಿ ಹೇಳಿದ್ದಾರೆ. ಕಾಯಿಸದೆ ಕುಡಿಯುವ ಆ ಇಬ್ಬರ ಬಗ್ಗೆ ಯಾರೂ ಮಾತಾಡಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಬೇಡ ಅನ್ನಿ. ನಿಮ್ಮ ಹಸು ನೋಡಲು ದುಂಡಗೆ, ಮಿಂಚುತ್ತಾ ಇದ್ದರೂ ಬ್ರುಸೆಲ್ಲಾ ಅನ್ನುವ ರೋಗಾಣು ಅಥವಾ ಕ್ಷಯ ಒಳಗಿರಬಹುದು. ಬ್ರುಸೆಲ್ಲಾ ಬಂದ ಹಸು ಸಾಮಾನ್ಯವಾಗಿ ಗಬ್ಬದ ಕೊನೆ ತಿಂಗಳುಗಳಲ್ಲಿ ಕಂದು ಹಾಕುತ್ತದೆ (ಗರ್ಭಪಾತವಾಗುತ್ತದೆ), ಆದರೆ ಆಮೇಲಿನ ಸಲ ಸರಿಯಾಗಿ ಈಯಬಹುದು. ಹಾಲಿನಲ್ಲಿ ರೋಗಾಣು ಮಾತ್ರ ಬರುತ್ತಲೇ ಇರುತ್ತದೆ. ಮನುಷ್ಯರಿಗೆ ಬಂದರೆ ಜ್ವರ ಬಂದು ಹೋಗಿ, ಬಂದು ಹೋಗಿ ಮಾಡುತ್ತದೆ. ಕೀಲು ನೋವು, ರಾತ್ರಿ ಬೆವರು. ಟೈಫಾಯ್ಡ್ ಅಂತಲೇ ತಿಂಗಳುಗಟ್ಟಲೆ ಔಷಧಿ ತಿಂದವರನ್ನು ನಾನು ನೋಡಿದ್ದೇನೆ. ನನ್ನ ಜೊತೆ ಕೆಲಸ ಮಾಡಿದ ಒಬ್ಬರು ಕಂದು ಹಾಕಿದ ಎಮ್ಮೆಗೆ ಬರಿಗೈಯಲ್ಲಿ ಮಾಸು ತೆಗೆದು ಒಂದು ವರ್ಷ ನರಳಿದರು.

ಎರಡೂ ಹಸುವಿನ ರಕ್ತ ಪರೀಕ್ಷೆ ಮಾಡಿಸಿ, ಕ್ಷಯಕ್ಕೆ ಚರ್ಮದ ಪರೀಕ್ಷೆ ಮಾಡಿಸಿ. ಹೆಣ್ಣು ಕರುವಿಗೆ 4ರಿಂದ 8 ತಿಂಗಳ ಒಳಗೆ ಬ್ರುಸೆಲ್ಲಾ ಲಸಿಕೆ, ಜೀವಮಾನಕ್ಕೆ ಒಂದೇ ಸಲ. ಕಾಲುಬಾಯಿ ಲಸಿಕೆ ವರ್ಷಕ್ಕೆ ಎರಡು ಸಲ. ಇಷ್ಟೆಲ್ಲ ಮಾಡಿದ ಮೇಲೂ ಹಸಿ ಹಾಲು ಕುಡಿಯಬಹುದು ಅಂತ ಅಲ್ಲ. ಇವತ್ತಿನ ಪರೀಕ್ಷೆ ನಾಳೆ ಕೆಚ್ಚಲಿಗೆ ಹತ್ತುವ ಸಗಣಿಯ ಬಗ್ಗೆ ಏನೂ ಹೇಳುವುದಿಲ್ಲ, ಅಲ್ವಾ? ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಮನೆಗೆ ಇನ್ನೂ ಗಟ್ಟಿಯಾಗಿ ಹೇಳಿ. ಕುದಿಸಿದರೆ ರುಚಿ ಹೋಗುತ್ತದೆ ಅನ್ನುವವರಿಗೆ ಒಂದು ದಾರಿ ಇದೆ. ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು, ಥರ್ಮಾಮೀಟರ್ ಹಾಕಿ, ಹಾಲನ್ನು 63 ಡಿಗ್ರಿಯಲ್ಲಿ ಅರ್ಧ ಗಂಟೆ ತಿರುವುತ್ತಾ ಇಡಲಿ. ಆಮೇಲೆ ಬೇಗ ತಣ್ಣಗೆ ಮಾಡಲಿ.

ಹಿಂಡುವ ಮುಂಚೆ ಪ್ರತಿ ಮೊಲೆಯ ಮೊದಲ ಮೂರು ನಾಲ್ಕು ಧಾರೆ ಬೇರೆ ಬಟ್ಟಲಿಗೆ. ಬಟ್ಟಲಿನ ಬಾಯಿಗೆ ಕಪ್ಪು ಬಟ್ಟೆ ಕಟ್ಟಿ. ಬಿಳಿ ಕಣ, ಎಳೆ ಕಂಡರೆ ಕೆಚ್ಚಲು ಬಾವು ಶುರುವಾಗಿದೆ ಅಂತ. ಹಿಂಡಿದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಹಸುವಿನ ಮುಂದೆ ಮೇವು ಹಾಕಿ. ಮೊಲೆಯ ತೂತು ಮುಚ್ಚಲು ಅರ್ಧ ಗಂಟೆಯಾದರೂ ಬೇಕು, ಅಲ್ಲಿಯವರೆಗೆ ಅದು ಸಗಣಿಯ ಮೇಲೆ ಮಲಗಬಾರದು. ನಿಮ್ಮ ಪೌಡ್ ಮಳೆಯಲ್ಲಂತೂ ಇದು ಬಹಳ ಮುಖ್ಯ. ಕೆಚ್ಚಲು ಬಾವು ಬಂದು ಆಂಟಿಬಯೋಟಿಕ್ ಕೊಟ್ಟರೆ ಚೀಟಿಯಲ್ಲಿ ಬರೆದಷ್ಟು ದಿನದ ಹಾಲು ಚೆಲ್ಲಲೇಬೇಕು. ಒಂದು ಮೊಲೆಗೆ ಮಾತ್ರ ಔಷಧಿ ಹಾಕಿದ್ದು ಅಂತ ಮಿಕ್ಕ ಮೂರರ ಹಾಲು ಕೊಡುವವರಿದ್ದಾರೆ. ಅದೂ ಆಗದು.

ಕಾಗದದ ವಿಷಯ. ಸದಸ್ಯರು, ಪಾಲು ಅಂತ ಹೆಸರಿಟ್ಟರೆ ಮಾರಾಟ ಅಲ್ಲ ಅಂದುಕೊಳ್ಳಬೇಡಿ. 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ಲಾಭಕ್ಕೆ ಮಾಡಿದರೂ, ಮಾಡದಿದ್ದರೂ ಅದು ಆಹಾರ ವ್ಯವಹಾರವೇ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿಕೊಳ್ಳಿ.

ಡೊಂಬಿವಲಿಯಿಂದ:

ನಾನು ಹಸು ಸಾಕಿದವನಲ್ಲ, ಹಾಲು ಕೊಳ್ಳುವವನು. ನಮ್ಮದು ಉಡುಪಿ ಕಡೆಯ ಹೋಟೆಲ್ ಮನೆತನ. ಅಜ್ಜ ತಬೇಲಾ (ಎಮ್ಮೆ ಕೊಟ್ಟಿಗೆ) ಹಾಲಿನ ಕ್ಯಾನ್ ಬಂದ ಕೂಡಲೇ ಲ್ಯಾಕ್ಟೋಮೀಟರ್ (ಹಾಲಿನ ಸಾಂದ್ರತೆ ತೋರಿಸುವ ತೇಲುವ ಕೊಳವೆ) ಬಿಡುತ್ತಿದ್ದರು. ಆದರೆ ಅದನ್ನು ನಂಬುತ್ತಿರಲಿಲ್ಲ. ನೀರು ಹಾಕಿದರೆ ಅಳತೆ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ, ಎರಡನ್ನೂ ಮಾಡಿದವನ ಹಾಲು ಸರಿಯಾಗಿಯೇ ತೋರಿಸುತ್ತದೆ! ಅವರು ಕೊನೆಗೆ ನೋಡುತ್ತಿದ್ದುದು ಕಾಯಿಸಿದ ಮೇಲೆ ಕಟ್ಟುವ ಕೆನೆಯನ್ನೇ.

ಯಾಕೆ ಹೇಳಿದೆ ಅಂದರೆ, "ಹಸಿ ಹಾಲು ಬೇಕು" ಅನ್ನುವ ಹತ್ತರಲ್ಲಿ ಒಂಬತ್ತು ಜನಕ್ಕೆ ಬೇಕಾಗಿರುವುದು ಕಲಬೆರಕೆ ಇಲ್ಲದ ಹಾಲು. ನಮ್ಮ ಮನೆಯಲ್ಲಿ ಹಸಿ ಹಾಲು ಅಂದರೆ ನಾಗರ ಪಂಚಮಿಗೆ ಕಲ್ಲಿಗೆ ಎರೆಯುವುದು. ಕುಡಿಯುವ ಹಾಲು ಉಕ್ಕಲೇಬೇಕು. ಕಾಯಿಸದೆ ಕುಡಿಯುವ ಆ ಇಬ್ಬರನ್ನು ಒಂದು ದಿನ ಬೆಳಿಗ್ಗೆ ಐದೂವರೆಗೆ ಕರೆದುಕೊಂಡು ಹೋಗಿ ದನದ ಮನೆಯಲ್ಲಿ ನಿಲ್ಲಿಸಿ. ನಾನು ಹಾಗೆ ಒಮ್ಮೆ ವಸಯಿಯ ತಬೇಲಾಕ್ಕೆ ಹೋಗಿದ್ದೆ. ಹಾಲು ಹಿಂಡುತ್ತಿದ್ದ ಹೊತ್ತಿಗೇ ಎಮ್ಮೆ ಬಾಲ ಬೀಸಿತು. ಒದ್ದೆ ಬಾಲದ ತುದಿ ಬಕೆಟ್‌ಗೆ ತಾಗಿ, ಹಿಂಡುವವನು ಬೆರಳಿನಿಂದ ಏನನ್ನೋ ತೆಗೆದು ಬಿಸಾಕಿ ಮುಂದುವರಿಸಿದ. ಆಮೇಲೆ ಹಾಲು ಕಾಯಿಸಿ ಅಂತ ಯಾರೂ ನನಗೆ ಹೇಳಬೇಕಾಗಲಿಲ್ಲ.

ಪೌಡ್‌ನಿಂದ ಮತ್ತೆ, ಎರಡು ವಾರದ ನಂತರ:

ಎಲ್ಲರಿಗೂ ಥ್ಯಾಂಕ್ಸ್. ರಕ್ತ ಕೊಟ್ಟಿದ್ದೇವೆ, ವರದಿ ಇನ್ನೂ ಬಂದಿಲ್ಲ. ಬರುವವರೆಗೆ ಯಾರಿಗೂ ಹಾಲಿಲ್ಲ ಅಂದಿದ್ದೇನೆ. ಮನೆಗೆ 1 ಲೀಟರ್, ಕಾಯಿಸಿಯೇ ಕುಡಿಯಬೇಕು ಅಂತ ಕನ್ನಡ, ಮರಾಠಿ ಎರಡರಲ್ಲೂ ಬರೆದು ಕಳಿಸಿದೆ. ಕಾಯಿಸದೆ ಕುಡಿಯುವ ಇಬ್ಬರಲ್ಲಿ ಒಬ್ಬರು ಹಾಲೇ ಬೇಡ ಅಂತ ಬಿಟ್ಟರು. ಇನ್ನೊಬ್ಬರು ಭಾನುವಾರ ಬೆಳಿಗ್ಗೆ ಬಂದು ನಿಂತಿದ್ದರು. ಅವರು ನೋಡುತ್ತಿದ್ದಾಗಲೇ ಕ್ರಾಸ್ ಹಸು ಬಕೆಟ್ ಒದ್ದು ನಾಲ್ಕು ಲೀಟರ್ ಚೆಲ್ಲಿತು. ಅವರು ನನಗಿಂತ ಜಾಸ್ತಿ ಗಾಬರಿಯಾಗಿ, "ಈಗ ನಮ್ಮ ಪಾಲು?" ಅಂದರು. ಪಾಲು ಅಂದರೆ ಇದೂ ಸೇರಿತು ಅಂದೆ. ನಕ್ಕರು. ಮುಂದಿನ ಸಲ ಗಿಣ್ಣ ಬಂದರೆ ಮೊದಲು ತಮಗೇ ಕೊಡಬೇಕಂತೆ.

ಹಿಂಗಾಲು ಕಟ್ಟುವುದಕ್ಕೆ ನೀವೆಲ್ಲ ಹಗ್ಗ ಬಳಸುತ್ತೀರಾ, ಬೇರೆ ಏನಾದರೂ ಇದೆಯಾ?