ಬೆಕ್ಕಿನ ಭ್ರೂಣದಲ್ಲಿ ಲಾಲಾಗ್ರಂಥಿಗಳು ರೂಪುಗೊಳ್ಳುವ ಬಗೆ

ಪ್ರಶ್ನೆ: ನಾನು ಪಶುವೈದ್ಯಕೀಯ ವಿದ್ಯಾರ್ಥಿನಿ. ಸುಮಾರು 63ರಿಂದ 65 ದಿನಗಳ ಗರ್ಭಾವಧಿಯಲ್ಲಿ ಬೆಕ್ಕಿನ ಮರಿಯ ಲಾಲಾಗ್ರಂಥಿಗಳು ಹೇಗೆ ರೂಪುಗೊಳ್ಳುತ್ತವೆ ಎಂಬುದನ್ನು ದಯವಿಟ್ಟು ತಿಳಿಸುವಿರಾ?

ಉತ್ತರ 1: ಬಾಯಿಯ ಒಳಪದರದ ಜೀವಕೋಶಗಳು ಮೊಗ್ಗಿನಂತೆ ದಪ್ಪಗಾಗಿ ಅಡಿಯ ಮೃದು ಅಂಗಾಂಶದೊಳಕ್ಕೆ ಇಳಿಯುತ್ತವೆ, ಆ ಅಂಗಾಂಶದ ರಾಸಾಯನಿಕ ಸಂಕೇತಗಳಿಗೆ ಓಗೊಟ್ಟು ಮೊಗ್ಗು ಮರದಂತೆ ಕವಲೊಡೆಯುತ್ತದೆ, ಗಟ್ಟಿಯಾಗಿದ್ದ ಕವಲುಗಳು ಕ್ರಮೇಣ ಟೊಳ್ಳಾಗಿ ನಾಳಗಳಾಗುತ್ತವೆ, ತುದಿಗಳು ಲಾಲಾರಸವನ್ನು ಸ್ರವಿಸುವ ಪುಟ್ಟ ಚೀಲಗಳಾಗುತ್ತವೆ. ಶ್ವಾಸಕೋಶವೂ ಹೀಗೆಯೇ ಕವಲೊಡೆದು ಬೆಳೆಯುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಉತ್ತರ 2: ಬೆಕ್ಕಿಗೆ ಕೆಳದವಡೆಯ ಹಿಂಬದಿಯ ಹಲ್ಲಿನ ಬಳಿಯೂ ಒಂದು ಲಾಲಾಗ್ರಂಥಿಯಿರುವುದನ್ನು ಮರೆಯಬೇಡಿ.

ಉತ್ತರ 3: ಎಲ್ಲ ಅಂಗಗಳೂ ಗರ್ಭದಲ್ಲೇ ಪೂರ್ಣಗೊಳ್ಳುವುದಿಲ್ಲ. ನಡಿಗೆಯ ಸಮತೋಲ ಕಾಯುವ ಕಿರುಮೆದುಳಿನ ಜೀವಕೋಶಗಳು ಜನನದ ಆಸುಪಾಸಿನಲ್ಲಿ ವೇಗವಾಗಿ ವಿಭಜಿಸುತ್ತಿರುತ್ತವೆ. ಆದ್ದರಿಂದ ಗರ್ಭಿಣಿ ಬೆಕ್ಕಿಗೆ, ವೇಗವಾಗಿ ವಿಭಜಿಸುವ ಜೀವಕೋಶಗಳನ್ನೇ ನಾಶಮಾಡುವ, ಬೆಕ್ಕುಗಳ ಸಾಂಕ್ರಾಮಿಕ ರೋಗವಾದ ಪ್ಯಾನ್‌ಲ್ಯುಕೋಪೀನಿಯಾ ವೈರಾಣು ತಗುಲಿದರೆ, ಬದುಕುಳಿದ ಮರಿಗಳು ಜೀವನಪೂರ್ತಿ ತೂರಾಡುತ್ತಾ ನಡೆಯಬೇಕಾಗಬಹುದು. ಲಸಿಕೆಯನ್ನು ಗರ್ಭಧಾರಣೆಗೆ ಮುನ್ನವೇ ಹಾಕಿಸಿ.