ನೆಲಸಂಪಿಗೆ: ಎಲೆ ಬರತ್ತೆ, ಹೂ ಬರಲ್ಲ. ಬೆಳೆಸಿದವ್ರು ಅನುಭವ ಹೇಳಿ

ಡೊಂಬಿವಲಿ ಮಲೆನಾಡತಿ: ತೀರ್ಥಹಳ್ಳಿಯಿಂದ ಅಮ್ಮ ಕೊಟ್ಟ ಗಡ್ಡೆ. ಪೂರ್ವದ ಬಾಲ್ಕನಿ, ಬೆಳಗ್ಗೆ ಒಂದು ಗಂಟೆ ಬಿಸಿಲು. ಎರಡು ವರ್ಷದಿಂದ ಬರೀ ಎಲೆ. ಕುಂಡ ಬದಲಿಸ್ಲಾ?

ಕೊಥ್ರೂಡದ ಧಾರವಾಡದಾಂವ: ನಾ ಕಳಕೊಂಡಿದ್ದು ಕೇಳ್ರಿ. ನರ್ಸರಿಯೊಳಗ 'ಭುಯಿಚಾಫಾ' (ಮರಾಠಿಯೊಳಗ ನೆಲಸಂಪಿಗಿ) ಅಂತ ಮೂರು ಗಡ್ಡಿ 450 ರೂಪಾಯಿ, ಕುಂಡ 280, ಕೋಕೋಪೀಟ್ 160, ಹಸರ ನೆಟ್ 900, ಅದನ್ನ ಕಟ್ಟಾಕ ಬಂದಾಂವಗ ಚಹಾ ಸಹಿತ 300. ಡಿಸೆಂಬರದಾಗ ಎಲಿ ಹಳದಿ ಆಗಿ ಬಿದ್ದೂ, ನಾ ಹೌಹಾರಿ ದಿನಾ ನೀರು ಹಾಕಿದೆ, ಮ್ಯಾಲ ಯೂರಿಯಾ ಬ್ಯಾರೆ. ಮಾರ್ಚದಾಗ ಕೆದರಿದ್ರ ಗಡ್ಡಿ ಕೊಳತು ಕೈಗೆ ಹತ್ತತು, ನಾತ ಅಂದ್ರ ನಾತ! ಅದು ಸತ್ತಿರಲಿಲ್ಲ, ಮಲಗಿತ್ತು, ನಾನ ಮುಳುಗಿಸಿ ಕೊಂದೆ. ಹೆಂಡತಿ ಇನ್ನೂ '2,090ರ ಹೂವು' ಅಂತಾಳ.

ಫೋಂಡಾ ತೋಟದಾಕೆ: ಕುಂಡದಲ್ಲಿ ಹಾಕಿ ಅಳೋರು ಒಂದ್ಸಲ ಗೋವಾದ ಕುಳಾಗರ, ಅಂದ್ರೆ ಅಡಿಕೆ ತೋಟ ನೋಡಿ. ನಾನೂ ಮೊದ್ಲು ಅಡಿಕೆ ಬುಡದಲ್ಲೇ ಇಟ್ಟೆ, ಅಲ್ಲಿ ಬೇಸಿಗೆ ಪೂರ್ತಿ ನೀರು ಹರಿಯತ್ತಲ್ಲ, ಅರ್ಧ ಕೊಳೀತು. ಆಮೇಲೆ ಮೇಲಿನ ಇಳಿಜಾರಲ್ಲಿ ಎಲೆ ಉದುರಿಸೋ ಮರಗಳ ಕೆಳಗೆ 40 ಗಡ್ಡೆ ಊರಿ ತರಗೆಲೆ ಮುಚ್ಚಿ ಮರೆತುಬಿಟ್ಟೆ. ಕಾಡಲ್ಲಿ ಅದು ಇರೋದೇ ಹಾಗೆ, ಬೇಸಿಗೇಲಿ ಒಣಗಿದ ಮಣ್ಣು, ಮಳೆಗಾಲದಲ್ಲಿ ತಲೆ ಮೇಲೆ ನೆರಳು. ಮೇ ತಿಂಗಳ ಮೊದಲ ಅಡ್ಡಮಳೆ ಬಿತ್ತು ನೋಡಿ, ಎಲೆನೇ ಇಲ್ಲ, ಬರೀ ನೆಲದಿಂದ ಬಿಳಿ ನೇರಳೆ ಹೂ! ಒಂದು ಹೂ ಒಂದೇ ದಿನ, ಪರಿಮಳ ಮಾತ್ರ ಅಂಗಳದವರೆಗೂ. ಮುಂದಿನ ವರ್ಷ ಮುಳ್ಳುಹಂದಿ ಬಂದು 31 ಗಡ್ಡೆ ತಿಂತು. ತಂತಿ ಬೇಲಿಗೆ 3,200 ಹೋಯ್ತು.

ಠಾಣೆ ಸಸ್ಯಪ್ರೇಮಿ: ಸಂಪಿಗೆ ಸಂಪಿಗೆ ಅಂತೀರಲ್ಲ, ಇದು ಶುಂಠಿ ಕುಟುಂಬದ್ದು, 1753ರಲ್ಲಿ ಲಿನೇಯಸ್ ಇಟ್ಟ ಹೆಸರು ಕೆಂಪ್ಫೇರಿಯಾ ರೊಟುಂಡಾ. ಎಲೆ ನೆಲಕ್ಕೆ ಅಂಟಿಕೊಂಡು ಮಲಗಿದ್ರೆ ನಿಮ್ದು ಕಚ್ಚೋರ, ಅದು ಎಲೆ ಜೊತೇಲೇ ಹೂ ಬಿಡತ್ತೆ. ಎಲೆ ನೆಟ್ಟಗೆ ನಿಂತು ಹಿಂಭಾಗ ನೇರಳೆ ಇದ್ರೆ ಮಾತ್ರ ನೆಲಸಂಪಿಗೆ. ನನಗೆ ನರ್ಸರಿಯವನು ಎರಡು ಸಲ ಸೋನ್‌ಟಕ್ಕಾ (ನಮ್ಮ ಸುಗಂಧಿ ಹೂವಿನ ಗಿಡ) ಕೊಟ್ಟು ಟೋಪಿ ಹಾಕಿದಾನೆ.

ಫೋಂಡಾ ತೋಟದಾಕೆ: ಹೆಸರು ಗೊತ್ತಿದ್ರೆ ಹೂ ಬರತ್ತಾ? ನಿಮ್ದು ಎಷ್ಟು ಹೂ ಬಿಟ್ಟಿದೆ ಸರ್, ಅದನ್ನ ಹೇಳಿ.

ಪುಣೆ ಟ್ರೆಕ್ಕರ್: ಗುರು, ದುಡ್ಡು ಯಾಕ್ ಸುರೀತೀರಾ, ಮಳೆಗಾಲದಲ್ಲಿ ತಾಮ್ಹಿಣಿ ಕಡೆ ಹೋಗಿ ಕಿತ್ಕೊಂಡು ಬನ್ನಿ, ನಾನು ತಂದಿದೀನಿ.

ಠಾಣೆ ಸಸ್ಯಪ್ರೇಮಿ: ನಾಚಿಕೆ ಆಗ್ಬೇಕು. ತಾಮ್ಹಿಣಿ ಅಭಯಾರಣ್ಯ, 1972ರ ವನ್ಯಜೀವಿ ಕಾಯ್ದೆ ಓದಿ. ನೀವು ತಂದಿದ್ದು ಕಾಡರಿಶಿನ ಇರ್ಬೇಕು, ಅದೂ ಗೊತ್ತಾಗಿರಲ್ಲ.

ಪುಣೆ ಟ್ರೆಕ್ಕರ್: ಒಂದು ಗಡ್ಡೆಗೆ ಇಷ್ಟು ಉರಿ? ಬೆಟ್ಟ ಕಡಿದು ಬಂಗ್ಲೆ ಕಟ್ಟೋರಿಗೆ ಹೇಳಿ ಹೋಗಿ.

ಡೊಂಬಿವಲಿ ಮಲೆನಾಡತಿ: ಎಲೆ ಹಿಂದೆ ನೇರಳೆನೇ ಇದೆ. ಚಳಿಗಾಲದಲ್ಲೂ ದಿನಾ ಒಂದು ಲೋಟ ನೀರು ಹಾಕ್ತಿದ್ದೆ, ಈಗ ಎದೆ ಧಸಕ್ ಅಂತಿದೆ.

ಕೊಥ್ರೂಡದ ಧಾರವಾಡದಾಂವ: ಲಗೂನ ನಿಲ್ಲಸ್ರಿ ತಂಗಿ! ಫೋಂಡಾದ ಅಕ್ಕಾರ, ಆ ತಂತಿ ಬೆಕ್ಕಿಗೂ ನಡೀತೈತೇನ್ರಿ? ನಮ್ಮದು ಹೊಸಾ ಕುಂಡದಾಗ ದಿನಾ ಮಕ್ಕೋತೈತಿ.